ತೊಳೆಯುವಾಗ ತಿಳಿಯುವ ಬೆಲೆ

ಮುಂಬೈಯಲ್ಲಿ ಅಡುಗೆಮನೆಗೆ ಹೊಸ ವಸ್ತುವೊಂದನ್ನು ತಂದರೆ ಅಂಗಡಿಯಲ್ಲಿ ಕೊಟ್ಟ ದುಡ್ಡು ಮೊದಲ ಕಂತು ಮಾತ್ರ. ಉಳಿದದ್ದನ್ನು ಜಾಗದಲ್ಲಿ, ನೀರಿನಲ್ಲಿ, ಸದ್ದಿನಲ್ಲಿ ಕಟ್ಟುತ್ತ ಹೋಗಬೇಕು. ನಾನು ಬೆಳೆದ ಕುಂದಾಪುರದ ಕಡೆಯ ಮನೆಗಳಲ್ಲಿ ಕಡೆಯುವ ಕಲ್ಲಿಗೆ ಒಂದು ಮೂಲೆ ಇತ್ತು, ತುರಿಮಣೆ ಒರಗಿಸಿಡಲು ಒಂದು ಗೋಡೆ ಇತ್ತು, ಪಾತ್ರೆ ತೊಳೆಯಲು ಬಾವಿಕಟ್ಟೆಯ ಪಕ್ಕದಲ್ಲಿ ಹಾಸುಗಲ್ಲು ಇತ್ತು. ಮುಲುಂಡಿನ ನಮ್ಮ ಫ್ಲ್ಯಾಟಿನ ಕಟ್ಟೆಯ ಮೇಲೆ ಗ್ಯಾಸ್ ಒಲೆ, ಸಿಂಕು, ನೀರಿನ ಫಿಲ್ಟರ್ ಇಷ್ಟಕ್ಕೆ ಜಾಗ ಕೊಟ್ಟ ಮೇಲೆ ಉಳಿಯುವುದು ತರಕಾರಿ ಹೆಚ್ಚುವ ಒಂದು ಹಲಗೆಯಷ್ಟು. ನಳದಲ್ಲಿ ನೀರು ಬರುವುದಕ್ಕೆ ಹೊತ್ತು ಗೊತ್ತು ಇದೆ. ಪಕ್ಕದ ಮನೆಯ ಮಗು ಮಲಗುವ ಕೋಣೆಗೂ ನಮ್ಮ ಮಿಕ್ಸಿಗೂ ನಡುವೆ ಇರುವುದು ಒಂದೇ ಗೋಡೆ.

ಇಂಥ ಅಡುಗೆಮನೆಯಲ್ಲಿ ಇಷ್ಟು ವರ್ಷ ಬೇಯಿಸಿದ ಮೇಲೆ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಉಪಕರಣವನ್ನು ಕೆಲಸ ಮಾಡುವಾಗ ಅಳೆಯಬಾರದು, ಕೆಲಸ ಮುಗಿದ ಮೇಲೆ ಅಳೆಯಬೇಕು. ಅದನ್ನು ಬಿಚ್ಚಿ, ತೊಳೆದು, ಒರೆಸಿ, ಮತ್ತೆ ಜೋಡಿಸಿ ಇಡುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿದರೆ ಅರ್ಧದಷ್ಟು ಗ್ಯಾಜೆಟ್‌ಗಳು ಅಲ್ಲೇ ಸೋಲುತ್ತವೆ. ನಮ್ಮ ಅತ್ತೆ ಯಾವುದೇ ಹೊಸ ಡಬ್ಬಿ ಬಿಚ್ಚಿದ ಕೂಡಲೇ ಕೇಳುತ್ತಿದ್ದ ಮೊದಲ ಪ್ರಶ್ನೆ, "ಇದನ್ನು ತೊಳೆಯುವುದು ಹೇಗೆ ಮಾರಾಯ್ತಿ?" ಎನ್ನುವುದು. ಅದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಇದುವರೆಗೂ ಸಿಕ್ಕಿಲ್ಲ.

ರೈಲ್ವೆ ಸ್ಟೇಷನ್ನಿನ ಹೊರಗಿನ ಫುಟ್‌ಪಾತಿನಲ್ಲಿ ಸಂಜೆಹೊತ್ತು ತರಕಾರಿ ಕತ್ತರಿಸುವ ಯಂತ್ರ ಮಾರುವವರನ್ನು ಮುಂಬೈಯವರೆಲ್ಲ ನೋಡಿರುತ್ತೀರಿ. ಎದುರಿಗೆ ಒಂದು ತಟ್ಟೆಯ ತುಂಬ ಕ್ಯಾರೆಟ್ಟಿನ ಎಳೆ, ಮೂಲಂಗಿಯ ಸುರುಳಿ, ಸೌತೆಕಾಯಿಯ ಬಿಲ್ಲೆ. ಲೋಕಲ್ ಗಾಡಿಯ ಲೇಡೀಸ್ ಡಬ್ಬಿಯಲ್ಲೂ ಸಿಪ್ಪೆ ಸುಲಿಯುವ ಪೀಲರ್, ಬೆಳ್ಳುಳ್ಳಿ ಜಜ್ಜುವ ಚಿಮಟ ಮಾರುತ್ತ ಬರುತ್ತಾರೆ. ಅವರ ಕೈಚಳಕಕ್ಕೆ ನಾನು ಮನಸಾರೆ ತಲೆಬಾಗುತ್ತೇನೆ. ಅಷ್ಟು ಜನಜಂಗುಳಿಯಲ್ಲಿ, ಅಲುಗಾಡುವ ಗಾಡಿಯಲ್ಲಿ ಒಂದೇ ಒಂದು ಬೆರಳಿಗೂ ಗಾಯವಾಗದಂತೆ ಕೆಲಸ ಮಾಡಿ ತೋರಿಸುವುದು ಸಣ್ಣ ವಿದ್ಯೆಯಲ್ಲ. ಆದರೆ ಅವರ ಮುಂದಿರುವ ತರಕಾರಿಗಳನ್ನು ಸ್ವಲ್ಪ ಗಮನಿಸಿ ನೋಡಿ. ಕ್ಯಾರೆಟ್, ಮೂಲಂಗಿ, ಸೌತೆ, ಬಟಾಟೆ. ಎಲ್ಲವೂ ಗಟ್ಟಿ, ಎಲ್ಲವೂ ಉರುಟು, ಯಾವುದರಲ್ಲೂ ನಾರಿಲ್ಲ, ಲೋಳೆಯಿಲ್ಲ, ಮೇಣವಿಲ್ಲ.

ನಮ್ಮ ಮನೆಗೆ ಬರುವುದು ಬೇರೆ ತರಕಾರಿಗಳು. ಬಸಳೆಯ ದಂಟಿನಲ್ಲಿ ಎಳೆಯದನ್ನೂ ಬಲಿತದ್ದನ್ನೂ ಬೆರಳಿನಲ್ಲೇ ಒತ್ತಿ ನೋಡಿ ಬೇರೆ ಮಾಡಬೇಕು. ಬಲಿತದ್ದು ಮೊದಲು ಬೇಯಬೇಕಾದ್ದರಿಂದ ಅದನ್ನು ಬೇರೆ ಅಳತೆಗೆ ಕತ್ತರಿಸಬೇಕು. ಹರಿವೆ ಸೊಪ್ಪಿನ ದಂಟಿನ ನಾರು ಎಳೆಯಬೇಕು. ಬೆಂಡೆಕಾಯಿಯನ್ನು ಪಲ್ಯಕ್ಕಾದರೆ ಒಂದು ಥರ, ಹುಳಿಗಾದರೆ ಇನ್ನೊಂದು ಥರ ಹೆಚ್ಚಬೇಕು. ಹಲಸಿನ ಗುಜ್ಜೆಯ ಮೇಣ ಹಿಡಿದರೆ ಪ್ಲಾಸ್ಟಿಕ್ಕಿನ ಯಾವ ಯಂತ್ರವೂ ಮತ್ತೆ ಮೊದಲಿನ ಸ್ಥಿತಿಗೆ ಬರುವುದಿಲ್ಲ. ಹಗ್ಗ ಎಳೆದು ತಿರುಗಿಸುವ ಚಾಪರ್ ಎಂಬುದು ಎಲ್ಲರ ಮನೆಗೂ ಬಂದು ಹೋಗಿರುವ ವಸ್ತು. ಅದು ಈರುಳ್ಳಿಯನ್ನು ಹೆಚ್ಚುವುದಿಲ್ಲ, ಬಡಿದು ಚೂರು ಮಾಡುತ್ತದೆ. ಅಡಿಯಲ್ಲಿದ್ದದ್ದು ನುಣ್ಣಗಾಗಿ ನೀರು ಬಿಟ್ಟಿರುತ್ತದೆ, ಮೇಲಿನದು ದಪ್ಪ ತುಂಡಾಗಿಯೇ ಉಳಿದಿರುತ್ತದೆ. ನೀರು ಬಿಟ್ಟ ಈರುಳ್ಳಿ ಬಾಣಲೆಯಲ್ಲಿ ಹುರಿಯುವುದಿಲ್ಲ, ಬೇಯುತ್ತದೆ. ಸಾರಿನ ಪರಿಮಳ ಅಲ್ಲಿಗೇ ಅರ್ಧ ಹೋಯಿತು. ಆಮೇಲೆ ಮೂರು ಅಲಗಿನ ಆ ಬ್ಲೇಡನ್ನು ಕೈ ಕೊಯ್ದುಕೊಳ್ಳದೆ ತೊಳೆಯುವ ಕೆಲಸ ಬೇರೆ. ಒಂದು ಚಾಕು, ಒಂದು ಹಲಗೆ ತೊಳೆಯುವುದು ಅದರ ಮುಂದೆ ಏನೇನೂ ಅಲ್ಲ.

ನೆಲದ ಮೇಲೆ ಕೂತು, ಮೆಟ್ಟಿ ಹಿಡಿದು ಹೆಚ್ಚುವ ಊರಿನ ಮೆಟ್ಟುಕತ್ತಿಗೆ ಇಲ್ಲಿ ನೆಲ ಸಿಗುವುದು ಕಷ್ಟ. ಆದರೆ ಮರಾಠಿಯವರ 'ವಿಳಿ' ಮುಂಬೈಗೆ ಹೇಳಿ ಮಾಡಿಸಿದ ವಸ್ತು. ಮಡಚುವ ಅಲಗು, ತುದಿಯಲ್ಲಿ ಕಾಯಿ ತುರಿಯುವ ಹಲ್ಲು, ಕೆಳಗೆ ಪುಟ್ಟ ಹಲಗೆ. ಕೆಲಸ ಮುಗಿದ ಮೇಲೆ ಮಡಚಿ ಸಿಲಿಂಡರಿನ ಹಿಂದೆ ಒರಗಿಸಿಟ್ಟರೆ ಯಾರ ಕಾಲಿಗೂ ಸಿಕ್ಕುವುದಿಲ್ಲ. ಗುಜ್ಜೆ ಕೊಚ್ಚುವ ದಿನ ಅಲಗಿಗೆ ಎರಡು ಬೆರಳು ತೆಂಗಿನೆಣ್ಣೆ ಸವರಿದರೆ ಆಯಿತು. ಮೀನು ಕೊಯ್ಯುವುದಕ್ಕೂ ಅದೇ. ಕತ್ತಿ ನಿಂತಿರುತ್ತದೆ, ತರಕಾರಿ ಹಿಡಿದ ಎರಡೂ ಕೈ ಚಲಿಸುತ್ತವೆ. ಎಷ್ಟು ಬಲ ಹಾಕಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಪೂರ್ತಿ ಕೈಗೆ ಬಿಟ್ಟದ್ದು.

ಕಾಯಿ ತುರಿಯುವ ವಿಷಯ ಬಂದರೆ ನನಗೆ ಸ್ವಲ್ಪ ಹೆಚ್ಚು ಮಾತಾಡಬೇಕಾಗುತ್ತದೆ, ಯಾಕೆಂದರೆ ಕರಾವಳಿಯ ಅಡುಗೆಯಲ್ಲಿ ಅರ್ಧ ರುಚಿ ನಿರ್ಧಾರವಾಗುವುದೇ ಅಲ್ಲಿ. ಕಾಯಿಯನ್ನು ಕಂಠದ ಅಂಚಿನಿಂದ ತುರಿಯುತ್ತ ಒಳಗೆ ಹೋಗಬೇಕು ಎಂದು ಅಮ್ಮ ಕಲಿಸಿದ್ದು. ನಡುವಿನಿಂದ ಶುರುಮಾಡಿದರೆ ತುರಿ ದಪ್ಪ ಬೀಳುತ್ತದೆ, ಕೊನೆಗೆ ಅಂಚಿನ ತಿರುಳು ಚೂರುಚೂರಾಗಿ ಎದ್ದು ಬರುತ್ತದೆ. ಪಲ್ಯಕ್ಕೆ ಉದುರಿಸುವ ತುರಿ ಹೂವಿನಂತೆ ಹಗುರಾಗಿರಬೇಕು. ಕಡೆಯಲು ಹಾಕುವುದು ಸ್ವಲ್ಪ ಒರಟಾದರೂ ನಡೆಯುತ್ತದೆ. ಎರಡಕ್ಕೂ ಕಪ್ಪು ಸಿಪ್ಪೆ ಬೀಳಬಾರದು. ಬಿದ್ದರೆ ಚಟ್ನಿಯ ಬಣ್ಣ ಮಂಕಾಗುತ್ತದೆ, ಹಾಲು ತೆಗೆದರೆ ಅದರಲ್ಲಿ ಕಂದು ಛಾಯೆ ಬರುತ್ತದೆ.

ಕಟ್ಟೆಗೆ ರಬ್ಬರಿನ ತಳದಿಂದ ಅಂಟಿಕೊಂಡು ನಿಂತು, ಹಿಡಿ ತಿರುಗಿಸಿದರೆ ತುರಿಯುವ ಸ್ಟೀಲಿನ ಯಂತ್ರ ಮಾಟುಂಗದ ಪಾತ್ರೆ ಅಂಗಡಿಗಳಲ್ಲಿ ಸಿಗುತ್ತದೆ. ನೆಲದ ಮೇಲೆ ಕೂರಲಾಗದ, ಮಂಡಿ ನೋವಿರುವ ಯಾರಿಗಾದರೂ ಅದು ದೊಡ್ಡ ಉಪಕಾರ. ಇದನ್ನು ನಾನು ಒಪ್ಪುತ್ತೇನೆ, ಅಂಥವರು ತೆಗೆದುಕೊಳ್ಳಿ ಎಂದೇ ಹೇಳುತ್ತೇನೆ. ಗ್ರಾನೈಟ್ ನುಣುಪಾಗಿ ಒಣಗಿದ್ದರೆ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ರಬ್ಬರಿಗೆ ವಯಸ್ಸಾಗುತ್ತಿದ್ದಂತೆ ಹಿಡಿತ ಸಡಿಲಾಗುತ್ತದೆ. ಎಡಗೈಯಲ್ಲಿ ಕಾಯಿಯ ಕಡಿ ಒತ್ತಿ ಹಿಡಿದು ಬಲಗೈಯಲ್ಲಿ ತಿರುಗಿಸುವಾಗ ಹಲ್ಲು ಕಾಯಿಯ ಒಳಗೆ ಎಷ್ಟು ಆಳಕ್ಕೆ ಹೋಗಿದೆ ಎಂದು ಕಾಣಿಸುವುದಿಲ್ಲ. ಕಪ್ಪು ಸಿಪ್ಪೆ ಬಂದದ್ದು ಗೊತ್ತಾಗುವುದು ತಟ್ಟೆಗೆ ಬಿದ್ದ ಮೇಲೆಯೇ. ತುರಿಮಣೆಯಲ್ಲಿ ಹಾಗಲ್ಲ. ಹಲ್ಲು ಸಿಪ್ಪೆಯ ಹತ್ತಿರ ಬಂದ ಕೂಡಲೇ ಸದ್ದು ಬದಲಾಗುತ್ತದೆ, ಅಂಗೈಗೆ ಒರಟು ತಾಗುತ್ತದೆ, ಕೈ ತಾನಾಗಿಯೇ ಕಡಿಯನ್ನು ತಿರುಗಿಸುತ್ತದೆ. ಕಣ್ಣು ಮುಚ್ಚಿಕೊಂಡೂ ತುರಿಯಬಹುದು. ನಮ್ಮ ಮನೆಯಲ್ಲಿ ಎರಡೂ ಇವೆ. ಹಬ್ಬದ ದಿನ ಹೊರಬರುವುದು ತುರಿಮಣೆ.

ಇನ್ನು ಕಾವಲಿ. ನನ್ನ ಅಡುಗೆಮನೆಯಲ್ಲಿ ಒಂದೇ ವಸ್ತು ಉಳಿಸಿಕೋ ಎಂದರೆ ನಾನು ಮುಟ್ಟುವುದು ಎರಕದ ಕಬ್ಬಿಣದ ಆ ಕಾವಲಿಯನ್ನೇ.

ನೀರ್ ದೋಸೆಯ ಹಿಟ್ಟು ಹೆಸರಿಗೆ ತಕ್ಕಂತೆ ನೀರು. ನೆನೆಸಿದ ಬೆಳ್ತಿಗೆ ಅಕ್ಕಿಯನ್ನು ನುಣ್ಣಗೆ ಕಡೆದು ಹೆಚ್ಚುಕಡಿಮೆ ಮಜ್ಜಿಗೆಯಷ್ಟು ತೆಳ್ಳಗೆ ಮಾಡಿರುತ್ತೇವೆ. ಅದನ್ನು ಹರಡುವುದಿಲ್ಲ, ಕಾದ ಕಾವಲಿಯ ಮೇಲೆ ಅಂಚಿನಿಂದ ಎರೆಯುತ್ತ ಬರುತ್ತೇವೆ. ಹಿಟ್ಟು ತಾಗಿದ ಕೂಡಲೇ ನೀರು ಆವಿಯಾಗಿ ಸಿಡಿಯಬೇಕು, ಆ ಸಿಡಿತದಿಂದಲೇ ದೋಸೆಯಲ್ಲಿ ಜಾಲರಿ ಬೀಳುವುದು. ಅಷ್ಟೊಂದು ನೀರು ಒಮ್ಮೆಲೇ ಬಿದ್ದರೂ ಕಾವಲಿಯ ಬಿಸಿ ಇಳಿಯಬಾರದು. ಎರಕದ ಕಬ್ಬಿಣ ಅಲ್ಯೂಮಿನಿಯಮ್ಮಿನಷ್ಟು ವೇಗವಾಗಿ ಶಾಖ ಹರಿಸುವುದಿಲ್ಲ, ಕಾಯುವುದಕ್ಕೆ ಹೊತ್ತು ತೆಗೆದುಕೊಳ್ಳುತ್ತದೆ. ಆದರೆ ದಪ್ಪ ಇದೆ, ತೂಕ ಇದೆ. ಒಮ್ಮೆ ಕಾದರೆ ಆ ಶಾಖವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಗಡಿಬಿಡಿಯ ಬೆಳಿಗ್ಗೆ, ಒಬ್ಬರ ಹಿಂದೊಬ್ಬರು ಡಬ್ಬಿ ಹಿಡಿದು ಓಡುವ ಮನೆಯಲ್ಲಿ, ಒಂದರ ಮೇಲೊಂದು ದೋಸೆ ಬೀಳುತ್ತ ಹೋಗುವುದು ಈ ಗುಣದಿಂದ.

ನಾನ್‌ಸ್ಟಿಕ್ ಪಾತ್ರೆಯ ಕತೆ 1938ರಲ್ಲಿ ಶುರುವಾಗುತ್ತದೆ. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನಶಾಸ್ತ್ರಜ್ಞ ಫ್ರಿಜ್ಜಿಗೆ ಬೇಕಾದ ಅನಿಲದ ಮೇಲೆ ಕೆಲಸ ಮಾಡುತ್ತಿದ್ದಾಗ ಆಕಸ್ಮಿಕವಾಗಿ ಸಿಕ್ಕಿದ ಬಿಳಿ ಪುಡಿಯೇ ಆಮೇಲೆ ಟೆಫ್ಲಾನ್ ಆಯಿತು. ಅದನ್ನು ಬಾಣಲೆಯ ಅಲ್ಯೂಮಿನಿಯಮ್ಮಿಗೆ ಅಂಟಿಸುವ ದಾರಿಯನ್ನು ಕಂಡುಹಿಡಿದದ್ದು ಮಾರ್ಕ್ ಗ್ರೆಗ್ವಾರ್ ಎಂಬ ಫ್ರೆಂಚ್ ಎಂಜಿನಿಯರ್, 1950ರ ದಶಕದಲ್ಲಿ. ದೊಡ್ಡ ಸಂಶೋಧನೆಯೇ ಸರಿ, ಅದನ್ನು ಅಲ್ಲಗಳೆಯುವುದಿಲ್ಲ. ಮೊಟ್ಟೆಯ ಆಮ್ಲೆಟ್ ಹಾಕುವವರಿಗೆ, ಒಂಟಿಯಾಗಿ ಇದ್ದು ಈಗಷ್ಟೇ ಅಡುಗೆ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ಅದರಿಂದ ಧೈರ್ಯ ಬರುತ್ತದೆ. ಆದರೆ ಆ ಲೇಪನ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ತೊಡಗುತ್ತದೆ. ಖಾಲಿ ಪಾತ್ರೆಯನ್ನು ದೊಡ್ಡ ಉರಿಯಲ್ಲಿ ಬಿಟ್ಟರೆ ಆ ಬಿಸಿ ಬರಲು ತುಂಬ ಹೊತ್ತು ಬೇಡ. ನೀರ್ ದೋಸೆಯ ಕಾವಲಿಯನ್ನು ಮೊದಲು ಖಾಲಿಯಾಗಿಯೇ ಚೆನ್ನಾಗಿ ಕಾಯಿಸಬೇಕು. ಹೀಗಾಗಿ ನಾನ್‌ಸ್ಟಿಕ್ ಕಾವಲಿಯಲ್ಲಿ ನಾವು ಸದಾ ಹೆದರಿಕೊಂಡು, ಉರಿ ತಗ್ಗಿಸಿಕೊಂಡು ಎರೆಯುತ್ತೇವೆ. ದೋಸೆ ಜಾರಿ ಬರುತ್ತದೆ, ಜಾಲರಿ ಬೀಳುವುದಿಲ್ಲ. ಅಂಚು ಗರಿಯಾಗುವುದಿಲ್ಲ. ಕಬ್ಬಿಣದ ಸಟ್ಟುಗ ಮುಟ್ಟಿಸುವಂತಿಲ್ಲ. ಕೆಲವು ವರ್ಷಕ್ಕೆ ಲೇಪನ ಎದ್ದ ಮೇಲೆ ಅದು ಯಾವುದಕ್ಕೂ ಬಾರದು.

ಕಾವಲಿಗೆ ಉಳಿದೆಲ್ಲ ಪಾತ್ರೆಗಳಿಗಿಂತ ಉಲ್ಟಾ ಆಯುಷ್ಯ. ಪ್ರತಿ ಸಲ ಸವರಿದ ಎಣ್ಣೆ ಬಿಸಿಗೆ ಗಟ್ಟಿಯಾಗಿ ಕಬ್ಬಿಣಕ್ಕೆ ಕಚ್ಚಿಕೊಂಡು ತೆಳ್ಳನೆಯ ಪದರವಾಗುತ್ತದೆ. ಅಂಥ ಪದರದ ಮೇಲೆ ಪದರ ಬಿದ್ದು ಅದು ವರ್ಷದಿಂದ ವರ್ಷಕ್ಕೆ ನುಣುಪಾಗುತ್ತದೆ. ನಾನು ಎಣ್ಣೆ ಸವರುವುದು ಅರ್ಧ ಹೋಳು ಈರುಳ್ಳಿಯಲ್ಲಿ. ಊರಲ್ಲಿ ತೆಂಗಿನ ನಾರಿನ ಗುಚ್ಛ ಇರುತ್ತಿತ್ತು. ಮುಂಬೈಯ ಮಳೆಗಾಲ ಮಾತ್ರ ಇದಕ್ಕೆ ಶತ್ರು. ಜೂನಿನಿಂದ ಸೆಪ್ಟೆಂಬರಿನವರೆಗೆ ಗಾಳಿಯಲ್ಲಿ ಅಷ್ಟು ತೇವ, ರಾತ್ರಿ ಒರೆಸದೆ ಬಿಟ್ಟರೆ ಬೆಳಿಗ್ಗೆಗೆ ಕೆಂಪು ಚುಕ್ಕೆ ಎದ್ದಿರುತ್ತದೆ. ತೊಳೆದ ಕೂಡಲೇ ಒಲೆಯ ಮೇಲಿಟ್ಟು ಒಣಗಿಸಿ, ಒಂದು ಹನಿ ಎಣ್ಣೆ ಒರೆಸಿ ಇಡಬೇಕು. ಚಪಾತಿಗೆ ಬೇರೆಯದೇ ತವಾ. ದೋಸೆಯ ಕಾವಲಿಯಲ್ಲಿ ಚಪಾತಿ ಸುಟ್ಟರೆ ಒಣಹಿಟ್ಟು ಕರಕಲಾಗಿ ಆ ಪದರಕ್ಕೆ ಅಂಟುತ್ತದೆ, ಮರುದಿನ ದೋಸೆ ಏಳುವುದಿಲ್ಲ. ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ನಾನು ಹೇಳಿರುವ ಒಂದೇ ಕಟ್ಟಪ್ಪಣೆ, ಕಾವಲಿಗೆ ತಂತಿಬ್ರಷ್ ಹಾಕಬೇಡಿ ತಾಯಿ, ಅದನ್ನು ನಾನೇ ನೋಡಿಕೊಳ್ಳುತ್ತೇನೆ ಎನ್ನುವುದು.

ಕುಕ್ಕರಿನ ಬಗ್ಗೆ ಜಗಳವೇ ಇಲ್ಲ. ಮುಚ್ಚಿದ ಪಾತ್ರೆಯಲ್ಲಿ ಆವಿಯನ್ನು ಒತ್ತಿ ಹಿಡಿದು ಮೂಳೆಯನ್ನೂ ಮೆತ್ತಗೆ ಮಾಡಬಹುದು ಎಂದು ಡೆನಿಸ್ ಪಾಪಿನ್ ಎಂಬವರು ಲಂಡನ್ನಿನಲ್ಲಿ 1679ರಲ್ಲೇ ತೋರಿಸಿದ್ದರು. ನಮ್ಮ ದೇಶದಲ್ಲಿ ಅದು ಮನೆಮಾತಾದದ್ದು 1959ರ ಸುಮಾರಿಗೆ ಕುಕ್ಕರ್ ಇಲ್ಲಿಯೇ ತಯಾರಾಗತೊಡಗಿದ ಮೇಲೆ. ಹಾಕಿನ್ಸ್ ಕಂಪನಿ ಹುಟ್ಟಿದ್ದು ಇದೇ ಮುಂಬೈಯಲ್ಲಿ. ಅವರ ಕುಕ್ಕರಿನ ಮುಚ್ಚಳ ಒಳಗಿನಿಂದ ಕೂರುವಂಥದ್ದು. ಒಳಗೆ ಒತ್ತಡ ಇರುವ ತನಕ ಆ ಒತ್ತಡವೇ ಮುಚ್ಚಳವನ್ನು ಬಿಗಿಯಾಗಿ ಹಿಡಿದಿರುತ್ತದೆ, ತೆಗೆಯಲು ಹೋದರೂ ಬರುವುದಿಲ್ಲ. ಇಂಥ ವಿನ್ಯಾಸಕ್ಕೆ ನಾನು ತುಂಬ ಬೆಲೆ ಕೊಡುತ್ತೇನೆ. ಬಳಸುವವರ ಅವಸರವನ್ನು ಮೊದಲೇ ಊಹಿಸಿ, ಎಚ್ಚರಿಕೆಯ ಚೀಟಿ ಅಂಟಿಸುವ ಬದಲು ಆಕಾರದಲ್ಲೇ ಉತ್ತರ ಕೊಟ್ಟಿದೆ.

ಕುಕ್ಕರಿನೊಳಗೆ ನೀರು ಕುದಿಯುವುದು ಸುಮಾರು 120 ಡಿಗ್ರಿಯಲ್ಲಿ. ಒಮ್ಮೆ ಸೀಟಿ ಬಂದಿತೆಂದರೆ ಆ ಬಿಸಿ ಮುಟ್ಟಿದೆ ಎಂದೇ ಅರ್ಥ. ಆಮೇಲೆ ಉರಿ ದೊಡ್ಡದಿಟ್ಟರೆ ಸೀಟಿ ಹೆಚ್ಚುತ್ತದೆಯೇ ಹೊರತು ಒಳಗಿನ ಬಿಸಿ ಹೆಚ್ಚುವುದಿಲ್ಲ, ಗ್ಯಾಸು ಮತ್ತು ನೀರು ಹೋಗುತ್ತವೆ. ಆದ್ದರಿಂದ ಸೀಟಿ ಎಣಿಸುವ ಬದಲು ಮೊದಲ ಸೀಟಿಗೆ ಉರಿ ಸಣ್ಣ ಮಾಡಿ ನಿಮಿಷ ನೋಡುವುದು ಸರಿಯಾದ ಕ್ರಮ. ಕುಚ್ಚಲಕ್ಕಿ ತಿನ್ನುವ ನಮಗೆ ಇದು ಬಹಳ ದೊಡ್ಡ ವಿಷಯ. ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ, ಕೆಲವು ಅಕ್ಕಿಗೆ ಅದಕ್ಕಿಂತಲೂ ಹೆಚ್ಚು ಬೇಯಬೇಕಾದ ಅನ್ನ ಕುಕ್ಕರಿನಲ್ಲಿ ಕಾಲು ಗಂಟೆಗೆಲ್ಲ ಆಗಿ, ಆವಿ ಇಳಿಯುವ ತನಕ ತನ್ನ ಪಾಡಿಗೆ ಅರಳುತ್ತಿರುತ್ತದೆ. ನೀರು ಧಾರಾಳ ಇಟ್ಟರೆ ತೆಳಿ ಬಸಿಯಲೂ ಆಗುತ್ತದೆ. ತೊಳೆಯುವುದಕ್ಕೂ ಅದರಲ್ಲಿ ಮುಚ್ಚುಮರೆಯ ಮೂಲೆಗಳಿಲ್ಲ. ಗ್ಯಾಸ್ಕೆಟ್ ಬಿಚ್ಚಿ ತೊಳೆದು, ವೆಯ್ಟ್ ಕೂರುವ ಕೊಳವೆಯನ್ನು ಬೆಳಕಿಗೆ ಹಿಡಿದು ಆಚೆಬದಿ ಕಾಣುತ್ತದೆಯೇ ನೋಡಿದರೆ ಸಾಕು. ಬೇಳೆ ಉಕ್ಕಿ ಆ ಕೊಳವೆ ಮುಚ್ಚಿಕೊಳ್ಳುವುದುಂಟು. ಅದನ್ನು ಮಾತ್ರ ಯಾರೂ ಮರೆಯಬಾರದು.

ಮಿಕ್ಸಿಯೂ ಈ ನಮ್ಮ ಅಡುಗೆಮನೆಗಳಿಗಾಗಿಯೇ ಹುಟ್ಟಿದ ಯಂತ್ರ. 1963ರಲ್ಲಿ ಸುಮೀತ್ ಮಿಕ್ಸಿಯನ್ನು ತಂದ ಸತ್ಯಪ್ರಕಾಶ್ ಮಾಥುರ್ ಸೀಮೆನ್ಸ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವರು. ಹೆಂಡತಿ ಮಾಧುರಿಯವರ ಹತ್ತಿರವಿದ್ದ ವಿದೇಶಿ ಮಿಕ್ಸರಿನ ಮೋಟರ್ ಸುಟ್ಟುಹೋದದ್ದೇ ಅದಕ್ಕೆ ಕಾರಣವಂತೆ. ಹೊರದೇಶದ ಯಂತ್ರಗಳು ಹಣ್ಣು, ಹಾಲು, ಬೇಯಿಸಿದ ತರಕಾರಿಗಾಗಿ ಮಾಡಿದವು. ನೆನೆಸಿದ ಉದ್ದು, ಒಣಕೊಬ್ಬರಿ, ಅರಸಿನದ ಕೊಂಬು ಅವುಗಳ ಲೆಕ್ಕದಲ್ಲೇ ಇರಲಿಲ್ಲ. ಗಟ್ಟಿ ಮೋಟರ್, ಸ್ಟೀಲಿನ ಜಾರು, ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಬ್ಲೇಡು ಇರುವ ಯಂತ್ರ ಬಂದ ಮೇಲೆ ಎಷ್ಟು ಹೆಂಗಸರ ಭುಜ, ಸೊಂಟ ಉಳಿದಿವೆ ಎಂದು ಯಾರು ಲೆಕ್ಕ ಹಾಕಿದ್ದಾರೆ? ಕಲ್ಲಿನ ರುಚಿಯನ್ನು ಹೊಗಳುವವರು ಆ ಕಲ್ಲಿನ ಮುಂದೆ ಕೂತಿದ್ದವರು ಯಾರು ಎಂಬುದನ್ನೂ ನೆನೆಯಬೇಕು. ನನ್ನ ಅಜ್ಜಿಯ ಬಲ ಅಂಗೈ ಕೊನೆಯ ತನಕ ಗಡುಸಾಗಿಯೇ ಇತ್ತು.

ಹಾಗೆಂದು ಕಲ್ಲಿಗೂ ಮಿಕ್ಸಿಗೂ ವ್ಯತ್ಯಾಸ ಇಲ್ಲ ಎಂದಲ್ಲ. ಕಲ್ಲು ಜಜ್ಜಿ ಅರೆಯುತ್ತದೆ, ಬ್ಲೇಡು ಕತ್ತರಿಸುತ್ತದೆ. ಬ್ಯಾಡಗಿ ಮೆಣಸಿನ ಬೀಜ ಬ್ಲೇಡಿಗೆ ಸಿಕ್ಕದೆ ಸುತ್ತ ಹಾರುತ್ತಿರುತ್ತದೆ, ಕಲ್ಲಿಗೆ ಸಿಕ್ಕಿದರೆ ಬೆಣ್ಣೆಯಷ್ಟು ನುಣ್ಣಗಾಗುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡು ಜಾರನ್ನು ಬಿಸಿ ಮಾಡುತ್ತದೆ, ಕಾಯಿಯ ಎಣ್ಣೆ ಬೇರೆಯಾಗತೊಡಗುತ್ತದೆ. ಕೋಳಿ ಸಾರಿನ ಮಸಾಲೆಗೆ ನಾನು ಮಾಡುವುದು ಇಷ್ಟು. ಹುರಿದ ಮೆಣಸು, ಕೊತ್ತಂಬರಿ, ಜೀರಿಗೆಯನ್ನು ಮೊದಲು ಒಣದಾಗಿ ಸಣ್ಣ ಜಾರಿನಲ್ಲಿ ಪುಡಿಮಾಡಿ, ಹುಣಸೆಹಣ್ಣಿನ ನೀರು ಹಾಕಿ ನುಣ್ಣಗೆ ಮಾಡಿಕೊಂಡು, ಕೊನೆಗೆ ಕಾಯಿ ಸೇರಿಸುವುದು. ತಣ್ಣೀರು ಸ್ವಲ್ಪಸ್ವಲ್ಪವೇ ಹಾಕಿ, ನಡುನಡುವೆ ನಿಲ್ಲಿಸುವುದು. ಕಾಯಿಯನ್ನೂ ಮೆಣಸನ್ನೂ ಒಟ್ಟಿಗೇ ಹಾಕಿದರೆ ಕಾಯಿ ಬೇಗ ಆಗಿಬಿಡುತ್ತದೆ, ಬೀಜ ಹಾಗೇ ಉಳಿಯುತ್ತದೆ. ಮೂರು ಜಾರುಗಳಲ್ಲಿ ನಿಜವಾದ ಸಂಸಾರ ನಡೆಸುವುದು ಚಟ್ನಿಯ ಆ ಪುಟ್ಟ ಜಾರು. ಅಂಗಡಿಯಲ್ಲಿ ಎಲ್ಲರೂ ವ್ಯಾಟ್ ಕೇಳುತ್ತಾರೆ, ನೀವು ಚಟ್ನಿ ಜಾರಿನ ಬ್ಲೇಡು ತಳಕ್ಕೆ ಎಷ್ಟು ಹತ್ತಿರ ಇದೆ ಎಂದು ಬಗ್ಗಿ ನೋಡಿ. ದೂರ ಇದ್ದರೆ ನಾಲ್ಕು ಎಸಳು ಬೆಳ್ಳುಳ್ಳಿ ಅದರ ಅಡಿಯಲ್ಲಿ ಹಾಯಾಗಿ ಕುಳಿತಿರುತ್ತದೆ.

ಮಿಕ್ಸಿಯ ಇನ್ನೊಂದು ಗುಣ, ಅದು ರಿಪೇರಿಯಾಗುತ್ತದೆ. ಭಾರ ಹೆಚ್ಚಾದಾಗ ಮೋಟರ್ ಸುಡುವ ಮೊದಲೇ ಅಡಿಯ ಕೆಂಪು ಗುಂಡಿ ಹೊರಬಂದು ನಿಲ್ಲಿಸುತ್ತದೆ. ಜಾರಿನ ಕೆಳಗಿನ ಕಪ್ಲರ್ ಮುರಿದರೆ ಹೊಸದಕ್ಕೆ ಪುಡಿಗಾಸು. ಸ್ಟೇಷನ್ ರಸ್ತೆಯಲ್ಲಿ ಬ್ಲೇಡು ಮಸೆದು, ಬುಷ್ ಬದಲಿಸಿ ಕೊಡುವ ಗೂಡಂಗಡಿ ಇಲ್ಲದ ಉಪನಗರವನ್ನು ನಾನು ನೋಡಿಲ್ಲ. ಕ್ರಾಫರ್ಡ್ ಮಾರ್ಕೆಟಿನ ಹತ್ತಿರದ ಲೋಹಾರ್ ಚಾಳಕ್ಕೆ ಹೋದರಂತೂ ವಿದ್ಯುತ್ ಸಾಮಾನಿನ ಬಿಡಿಭಾಗಗಳ ಬೀದಿಯೇ ಇದೆ.

ಗ್ರೈಂಡರ್ ವಿಷಯದಲ್ಲಿ ಮನಸ್ಸು ಇನ್ನೂ ಎರಡಾಗಿದೆ. ಕೊಯಮತ್ತೂರಿನ ಹೆಸರಿನಲ್ಲೇ ಭೌಗೋಳಿಕ ಮಾನ್ಯತೆ ಪಡೆದ ಆ ಕಲ್ಲಿನ ಯಂತ್ರ ಉದ್ದನ್ನು ಅರೆಯುವ ರೀತಿಗೆ ಸಾಟಿಯಿಲ್ಲ. ನಿಧಾನ ತಿರುಗುವುದರಿಂದ ಹಿಟ್ಟು ಬಿಸಿಯಾಗುವುದಿಲ್ಲ, ಗಾಳಿ ಸೇರಿ ನೊರೆಯುಬ್ಬುತ್ತದೆ, ಅದೇ ಉದ್ದಿಗೆ ಇಡ್ಲಿ ಹೆಚ್ಚು ಏಳುತ್ತದೆ. ಆದರೆ ಹತ್ತು ಕಿಲೋ ದಾಟುವ ವಸ್ತುವನ್ನು ಕಟ್ಟೆಯ ಮೇಲೆ ಇಡಲು ನಮ್ಮಲ್ಲಿ ಜಾಗವಿಲ್ಲ. ಲಾಫ್ಟಿನ ಮೇಲೆ ಹೋದ ಉಪಕರಣ ಮನೆಯಲ್ಲಿದ್ದೂ ಇಲ್ಲದ ಲೆಕ್ಕ. ಅದಕ್ಕೆ ಕೆಳಗೆ, ಬಾಗಿಲ ಸಂದಿಯಲ್ಲಿ, ಚಕ್ರವಿರುವ ಹಲಗೆಯ ಮೇಲೆ ಇಟ್ಟಿದ್ದೇನೆ. ಬೆಳಿಗ್ಗೆ ಬೇಡ, ರಾತ್ರಿ ಬೇಡ, ಸಂಜೆ ನಾಲ್ಕರಿಂದ ಆರರೊಳಗೆ ಅದರ ಕೆಲಸ ಮುಗಿಸುತ್ತೇನೆ. ಕೆಳಮನೆಯ ಗುಜರಾತಿ ಬೆನ್ ಅವರಿಗೆ ಆ ಗರಗರ ಕೇಳಿದರೆ ಮರುದಿನ ಇಡ್ಲಿ ಬರುತ್ತದೆ ಎಂದು ಗೊತ್ತು. ಬರೀ ಇಬ್ಬರೇ ಇರುವ ಮನೆಗೆ ಇದು ಬೇಡ. ಮಾಟುಂಗದಲ್ಲಿ ಒಳ್ಳೆಯ ಹಿಟ್ಟು ತೂಕಕ್ಕೆ ಸಿಗುತ್ತದೆ.

ಬೇಗಬೇಗ ಕೆಲವು ಮಾತು. ಮೈಕ್ರೋವೇವ್ ಬಿಸಿ ಮಾಡುವುದಕ್ಕೆ ಸೈ, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಕೇಳಬಾರದು. ಕರೆಂಟಿನ ರೊಟ್ಟಿಮೇಕರ್ ನಿಜಕ್ಕೂ ಬೇಸರ ತಂದ ವಸ್ತು. ಎರಡು ಬಿಸಿ ತಟ್ಟೆಗಳ ನಡುವೆ ಉಂಡೆಯನ್ನು ಒತ್ತಿದ ಕೂಡಲೇ ಹೊರಮೈ ಬೆಂದು ಬಿಗಿಯಾಗುತ್ತದೆ, ಉಬ್ಬಬೇಕಾದ ಚಪಾತಿ ಹಪ್ಪಳದ ದಾರಿ ಹಿಡಿಯುತ್ತದೆ. ಲಟ್ಟಣಿಗೆಯ ಅಡಿಯಲ್ಲಿ ಹಿಟ್ಟು ನಿಧಾನ ಸಡಿಲಗೊಳ್ಳುತ್ತ ಹರಡುವ ಕೆಲಸವನ್ನು ಒಂದೇ ಒತ್ತಿನಲ್ಲಿ ಮುಗಿಸಲು ಹೋದರೆ ಇನ್ನೇನಾದೀತು. ಇಂಡಕ್ಷನ್ ಒಲೆ ವೇಗ ಕೊಡುತ್ತದೆ, ಆದರೆ ಅಲ್ಯೂಮಿನಿಯಮ್, ತಾಮ್ರ, ಮಣ್ಣಿನ ಪಾತ್ರೆಗಳನ್ನು ಮನೆಯಿಂದಲೇ ಹೊರಹಾಕುತ್ತದೆ. ಅಯಸ್ಕಾಂತ ಹಿಡಿಯುವ ತಳ ಇಲ್ಲದ್ದು ಅದರ ಮೇಲೆ ಕಾಯುವುದೇ ಇಲ್ಲ.

ಏರ್ ಫ್ರೈಯರನ್ನು ಫಿಲಿಪ್ಸ್ ಕಂಪನಿ ಬರ್ಲಿನ್ನಿನ ಪ್ರದರ್ಶನದಲ್ಲಿ 2010ರಲ್ಲಿ ಹೊರತಂದಿತು. ಹೆಸರಲ್ಲಿ ಕರಿಯುವ ಮಾತಿದ್ದರೂ ಅದು ಮಾಡುವುದು ಬಿಸಿಗಾಳಿಯನ್ನು ಜೋರಾಗಿ ಸುತ್ತಿಸುವ ಕೆಲಸ. ಅದರಲ್ಲಿ ಗೋಳಿಬಜೆ ಆಗುವುದಿಲ್ಲ, ಎಂದೂ ಆಗುವುದಿಲ್ಲ. ಸಡಿಲ ಹಿಟ್ಟು ಎಣ್ಣೆಗೆ ಬಿದ್ದ ಕ್ಷಣದಲ್ಲೇ ಸುತ್ತಲಿಂದ ಹಿಡಿಸಿಕೊಂಡು ಉರುಟಾಗಬೇಕು, ಗಾಳಿಯಲ್ಲಿ ಅದು ಜಾಲರಿಯ ತೂತಿನಿಂದ ಇಳಿದುಹೋಗುತ್ತದೆ. ಆದರೂ ಅದನ್ನು ನಾನು ಇಟ್ಟುಕೊಂಡಿದ್ದೇನೆ, ಬಂಗುಡೆಗಾಗಿ. ಬಂಗುಡೆಯ ಮೈಯಲ್ಲೇ ಎಣ್ಣೆಯಿದೆ. ಮಸಾಲೆ ಹಚ್ಚಿ ಒಂದು ಗಂಟೆ ಬಿಟ್ಟು ಇಟ್ಟರೆ ಚರ್ಮ ಗರಿಯಾಗಿ, ಒಳಗೆ ರಸ ಉಳಿದು ಬರುತ್ತದೆ. ನಮ್ಮ ಕಟ್ಟಡದಲ್ಲಿ ಬಹಳ ಮಂದಿ ಶಾಕಾಹಾರಿಗಳು. ಕಾವಲಿಯ ಮೇಲೆ ಮೀನು ಹುರಿದರೆ ಹೊಗೆ ಲಿಫ್ಟಿನವರೆಗೆ ಹೋಗುತ್ತದೆ, ಇದರಲ್ಲಿ ಅಷ್ಟು ಹೋಗುವುದಿಲ್ಲ. ಅವರ ಮೂಗಿಗೂ ನಮ್ಮ ನಾಲಗೆಗೂ ಒಂದು ಒಪ್ಪಂದ ಸಾಧ್ಯವಾದದ್ದು ಈ ಯಂತ್ರದಿಂದ, ಅದಕ್ಕೆ ನಾನು ಋಣಿ.

ಮೀನಿನ ಸಾರು ಮಾತ್ರ ಮಣ್ಣಿನ ಗಡಿಗೆಯಲ್ಲೇ. ಧಾರಾವಿಯ ಕುಂಬಾರವಾಡೆಯಲ್ಲಿ ಸೌರಾಷ್ಟ್ರದಿಂದ ಬಂದು ನೆಲೆಸಿದ ಕುಂಬಾರರ ಕುಟುಂಬಗಳು ತಲೆಮಾರುಗಳಿಂದ ಮಡಕೆ ಮಾಡುತ್ತಿವೆ. ಅಲ್ಲಿನ ಓಣಿಯಲ್ಲಿ ನಿಂತು, ಬೆರಳಿನ ಗೆಣ್ಣಿನಿಂದ ತಟ್ಟಿ, ಟಣ್ ಎನ್ನುವುದನ್ನು ಆರಿಸಿ ತರಬೇಕು. ಒಂದು ರಾತ್ರಿ ನೀರಲ್ಲಿ ಮುಳುಗಿಸಿಟ್ಟು, ಗಂಜಿ ತೆಳಿಯನ್ನು ಅದರಲ್ಲಿ ಕುದಿಸಿ ಪಳಗಿಸಿದರೆ ಹುಳಿ ಎಷ್ಟು ಹಾಕಿದರೂ ಅದು ಎದುರು ಹೇಳುವುದಿಲ್ಲ. ಹುಣಸೆ, ಕೋಕಂ, ಜಾರಿಗೆಹುಳಿ ಇವೆಲ್ಲ ಅಲ್ಯೂಮಿನಿಯಮ್ಮಿನ ಜೊತೆ ಸೇರಿ ರುಚಿಯನ್ನೂ ಬಣ್ಣವನ್ನೂ ಕೆಡಿಸುತ್ತವೆ, ಮಣ್ಣಿನಲ್ಲಿ ಆ ತೊಂದರೆಯಿಲ್ಲ. ಒಲೆ ಆರಿಸಿದ ಮೇಲೂ ಸಾರು ಸುಮಾರು ಹೊತ್ತು ತಳಮಳಿಸುತ್ತಲೇ ಇರುತ್ತದೆ. ಸಾಬೂನು ಹಾಕಿ ತೊಳೆಯಬಾರದು, ಮಣ್ಣು ಅದನ್ನು ಹೀರಿಕೊಳ್ಳುತ್ತದೆ. ಬಿಸಿನೀರು, ತೆಂಗಿನ ನಾರು ಸಾಕು.

ಹಾಳಾದ ವಸ್ತುಗಳು ಕೊನೆಗೆ ಎಲ್ಲಿ ಹೋಗುತ್ತವೆ ಎಂಬುದರಲ್ಲೂ ಅವುಗಳ ಯೋಗ್ಯತೆ ಕಾಣುತ್ತದೆ. ನಮ್ಮ ಗಲ್ಲಿಗೆ ಬರುವ ಭಂಗಾರವಾಲಾ, ಅಂದರೆ ಗುಜರಿಯವನು, ಹಿತ್ತಾಳೆಯ ಚೊಂಬನ್ನು, ಸ್ಟೀಲಿನ ಬೋಗುಣಿಯನ್ನು ತಕ್ಕಡಿಗೆ ಹಾಕುತ್ತಾನೆ. ಚಾಪರು, ಸಲಾಡ್ ಯಂತ್ರ, ಮೊಟ್ಟೆ ಬೇಯಿಸುವ ಡಬ್ಬಿಗಳನ್ನು ಕೈಯಲ್ಲಿ ಒಮ್ಮೆ ತಿರುಗಿಸಿ ನೋಡಿ ಪಕ್ಕಕ್ಕಿಡುತ್ತಾನೆ. ಹಳೆ ಬಟ್ಟೆ ತೆಗೆದುಕೊಂಡು ಪಾತ್ರೆ ಕೊಡುವ ಭಾಂಡಿವಾಲಿಯೂ ತನ್ನ ಬುಟ್ಟಿಯಲ್ಲಿ ಸ್ಟೀಲನ್ನು ನಂಬಿಕೊಂಡೇ ಬರುತ್ತಾಳೆ. ಒಂದು ಝರಿಯ ಸೀರೆಗೆ ಒಂದು ಡಬ್ಬಿಯೋ ಎರಡೋ ಎಂದು ಮೆಟ್ಟಿಲ ಮೇಲೆ ನಡೆಯುವ ಆ ಚೌಕಾಸಿಯಲ್ಲಿ ಪಾತ್ರೆಯ ತಳದ ದಪ್ಪವನ್ನು ಉಗುರಿನಿಂದ ತಟ್ಟಿ ನೋಡುವುದನ್ನು ನಾನು ಕಲಿತದ್ದು ಅತ್ತೆಯಿಂದ.

ನಾನು ಎಲ್ಲಕ್ಕಿಂತ ಹೆಚ್ಚು ಜತನ ಮಾಡುವ, ಆದರೆ ವರ್ಷದಲ್ಲಿ ಬಹಳ ಕಡಿಮೆ ಸಲ ಹೊರತೆಗೆಯುವ ವಸ್ತು ಶ್ಯಾವಿಗೆ ಒರಳು. ಮೂರು ಕಾಲಿನ ಮೇಲೆ ನಿಂತ, ಮೇಲೆ ತಿರುಗಣೆ ಇರುವ ಕಬ್ಬಿಣದ್ದು. ಮೇಲೆ ಬರೆದ ಲೆಕ್ಕದ ಪ್ರಕಾರ ಅದಕ್ಕೆ ನಮ್ಮ ಮನೆಯಲ್ಲಿ ಜಾಗವೇ ಇರಬಾರದು. ಭಾರ ಇದೆ, ಮೂಲೆಯಲ್ಲಿ ಹಿಟ್ಟು ಕೂರುತ್ತದೆ, ತೊಳೆಯಲು ಬಿಸಿನೀರು ಬೇಕು. ಅದಕ್ಕೆ ಬದಲಾಗಿ ಚಕ್ಕುಲಿಯ ಕೈ ಒರಳು ಸಾಕು ಎನ್ನುವವರಿದ್ದಾರೆ, ಮರಾಠಿಯವರ ಸೋರ್ಯಾ ಅಂಥದ್ದು. ಚಕ್ಕುಲಿ ಹಿಟ್ಟು ಮೆತ್ತಗಿರುತ್ತದೆ, ಅದಕ್ಕೆ ಕೈಬಲ ಸಾಕು. ಶ್ಯಾವಿಗೆಯ ಉಂಡೆ ಹಾಗಲ್ಲ. ಅಕ್ಕಿ ಕಡೆದು, ಕಾಸಿ, ಉಂಡೆ ಕಟ್ಟಿ, ಕುದಿನೀರಲ್ಲಿ ಬೇಯಿಸಿ, ಬಿಸಿಬಿಸಿ ಇರುವಾಗಲೇ ಒತ್ತಬೇಕು. ಸ್ವಲ್ಪ ಆರಿದರೂ ಕಲ್ಲಾಗುತ್ತದೆ. ಕೈ ಒರಳಿನಲ್ಲಿ ಅದನ್ನು ಒತ್ತಲು ಹೋದರೆ ಹಿಡಿ ಬಾಗುತ್ತದೆ, ಮಣಿಕಟ್ಟು ಸೋಲುತ್ತದೆ. ತಿರುಗಣೆಯಾದರೆ ಸಣ್ಣ ಬಲವನ್ನೇ ಸುತ್ತುಸುತ್ತಾಗಿ ಕೂಡಿಸಿ ದೊಡ್ಡ ಒತ್ತು ಮಾಡುತ್ತದೆ. ಆದರೂ ಒಬ್ಬರಿಂದ ಆಗದು. ಒಬ್ಬರು ಕಾಲು ಅದುಮಿ ಹಿಡಿಯಬೇಕು, ಇನ್ನೊಬ್ಬರು ತಿರುಗಿಸಬೇಕು, ಮತ್ತೊಬ್ಬರು ಕೆಳಗೆ ಬಾಳೆಲೆ ಸರಿಸುತ್ತ ಇರಬೇಕು. ನಮ್ಮ ಮನೆಯಲ್ಲಿ ಮೂವರೂ ಒಂದೇ ಕೆಲಸಕ್ಕೆ ಅಡುಗೆಮನೆಯಲ್ಲಿ ಸೇರುವುದು ಆ ದಿನಗಳಲ್ಲಿ ಮಾತ್ರ. ಅಂಥ ದಿನಕ್ಕಾಗಿ ಒಂದು ಮೂಲೆಯನ್ನು ವರ್ಷವಿಡೀ ಬಿಟ್ಟುಕೊಡಲು ನನಗೆ ಬೇಸರವಿಲ್ಲ.

ಎದುರು ಮನೆಯ ಮಾಲವಣದ ಕಾಕೂ ಮೊದಲ ಸಲ ಅದನ್ನು ನೋಡಿದಾಗ ಗುರುತು ಹಿಡಿದುಬಿಟ್ಟರು. ಅವರ ಕಡೆ ಇದೇ ರೀತಿ ಅಕ್ಕಿಯ ಶ್ಯಾವಿಗೆ ಒತ್ತಿ, ಬೆಲ್ಲ ಹಾಕಿದ ಕಾಯಿಹಾಲಿನಲ್ಲಿ ಅದ್ದಿ ತಿನ್ನುವ 'ಶಿರವಾಳೆ' ಇದೆ. ನಮ್ಮದೂ ಕಾಯಿಹಾಲಿನ ರಸಾಯನದ ಜೊತೆಗೇ, ಇಲ್ಲವೇ ಕೋಳಿ ಸಾರಿನ ಜೊತೆಗೆ. ಅದಾದ ಮೇಲೆ ಒರಳು ಹೊರಬಂದ ದಿನ ಎರಡೂ ಮನೆಯ ಅಕ್ಕಿ ಒಟ್ಟಿಗೆ ನೆನೆಯುತ್ತದೆ.

ಕಳೆದ ಮಳೆಗಾಲದಲ್ಲಿ ಅದರ ಅಚ್ಚಿನ ಬಿಲ್ಲೆ ತುಕ್ಕು ಹಿಡಿದು ತೂತುಗಳು ಒಂದಕ್ಕೊಂದು ಸೇರಿಹೋಗಿದ್ದವು. ಅಂಗಡಿಗಳಲ್ಲಿ ಆ ಅಳತೆಯದು ಸಿಗಲಿಲ್ಲ. ಭಾಂಡುಪ್ ಕಡೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಇಟ್ಟುಕೊಂಡಿರುವ ಹಿರಿಯರೊಬ್ಬರ ಮುಂದೆ ಹಳೆ ಬಿಲ್ಲೆ ಇಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು, ಇದರಿಂದ ಏನು ತಿನ್ನುತ್ತೀರಿ, ಯಾವುದರ ಜೊತೆ ತಿನ್ನುತ್ತೀರಿ ಎಂದು ಕೇಳಿದರು. ಹೇಳಿದೆ. ಹಾಗಾದರೆ ಎರಡು ಬಿಲ್ಲೆ ಮಾಡೋಣ, ಹಾಲಿಗೆ ಸಣ್ಣ ತೂತಿನದು, ಸಾರಿಗೆ ಸ್ವಲ್ಪ ದೊಡ್ಡದು, ಎರಡೂ ಸ್ಟೀಲಿನಲ್ಲಿ ಎಂದರು. ಮಾಡಿಯೂ ಕೊಟ್ಟರು. ಸಣ್ಣ ತೂತಿನದರಲ್ಲಿ ಒತ್ತುವುದು ಮೊದಲಿಗಿಂತ ಸ್ವಲ್ಪ ಬಿಗಿ, ಉಂಡೆಯನ್ನು ಇನ್ನೂ ಬಿಸಿಯಿರುವಾಗ ಹಾಕಬೇಕು. ಕಾಕೂಗೆ ಅದೇ ಇಷ್ಟ.